ಕಿಸೆ ದೊಡ್ಡದಿರಲಿ

ಚಿತ್ರದಲ್ಲಿ ಇದ್ದದ್ದು ಇಷ್ಟೇ. ಮೇಲೆ ಕಿರಿದಾಗಿ ಕೆಳಗೆ ಅಗಲವಾಗುತ್ತ ಹೋಗುವ ಗಂಟೆಯ ಆಕಾರ, ಎರಡೂ ಕಡೆ ಚಾಚಿಕೊಂಡ ಮೋಟು ತೋಳು, ಕತ್ತಿಗೊಂದು ಅರ್ಧಚಂದ್ರ, ಮೈತುಂಬ ಐದೈದು ಎಸಳಿನ ನೇರಳೆ ಹೂವು. ಬಲಗಡೆ ಒಂದು ಜೇಬು. ಆ ಜೇಬು ಇಡೀ ಉಡುಪಿನ ಮೂರನೇ ಒಂದು ಪಾಲಿನಷ್ಟಿತ್ತು. ಒಳಗೆ ಏನೇನಿದೆ ಎಂಬುದೂ ಹೊರಗಿನಿಂದಲೇ ಕಾಣುತ್ತಿತ್ತು: ಒಂದು ಕನ್ನಡಕ, ಒಂದು ಬೀಗದ ಕೈ, ಒಂದು ಬಿಸ್ಕತ್ತು.

ಬರೆದವಳು ನನ್ನ ಆರು ವರ್ಷದ ಮಗಳು. ಅದು ಅವಳ ಅಜ್ಜಿಯ ನೈಟಿ. ಅಮ್ಮ ಆಸ್ಟಿನ್ ಪಕ್ಕದ ಸೀಡರ್ ಪಾರ್ಕಿನ ನಮ್ಮ ಮನೆಯಲ್ಲಿ ಆರು ತಿಂಗಳು ಇದ್ದು ಶಿವಮೊಗ್ಗಕ್ಕೆ ಮರಳಿದ ವಾರವೇ ಈ ಚಿತ್ರ ಫ್ರಿಜ್ಜಿನ ಬಾಗಿಲೇರಿತು. ಮರುದಿನ ಅಪ್ಪಣೆಯೂ ಆಯಿತು: ಅಜ್ಜಿ ಇನ್ನೊಂದು ಸಲ ಬರುವಷ್ಟರಲ್ಲಿ ಇದನ್ನು ಹೊಲಿಸಿಡಬೇಕು, ಇದರಲ್ಲಿ ಇರುವ ಹಾಗೇ.

ನೈಟಿಯ ಬಗ್ಗೆ ನಮ್ಮಲ್ಲಿ ಯಾರೂ ಗೌರವದಿಂದ ಬರೆದದ್ದನ್ನು ನಾನು ಓದಿಲ್ಲ. ಇಳಕಲ್ ಸೀರೆಗೆ, ಮೊಳಕಾಲ್ಮೂರು ರೇಷ್ಮೆಗೆ, ಧಾರವಾಡದ ಕಸೂತಿಗೆ ಸಿಕ್ಕ ಮಾತು ಇದಕ್ಕೆ ಸಿಗಲಿಲ್ಲ. ಆದರೆ ನನ್ನ ಬಾಲ್ಯದ ಬೀದಿಯಲ್ಲಿ ಬೆಳಗಿನ ಹಾಲು ತೆಗೆದುಕೊಂಡದ್ದು, ರಂಗೋಲಿ ಹಾಕಿದ್ದು, ತರಕಾರಿ ಗಾಡಿಯವನ ಜತೆ ಚೌಕಾಶಿ ಮಾಡಿದ್ದು ಎಲ್ಲ ನೈಟಿಯೇ, ಗೇಟಿನವರೆಗೆ ಹೋಗುವಾಗ ಹೆಗಲ ಮೇಲೊಂದು ಟವೆಲ್ಲು ಅಷ್ಟೆ. ಕರ್ನಾಟಕದ ಹೆಂಗಸರು ದಿನದ ಅತಿ ಹೆಚ್ಚು ಕೆಲಸ ಮಾಡುವ ಉಡುಪು ಅದು. ಅದನ್ನು ಚೆನ್ನಾಗಿ ಹೊಲಿಯುವುದು ಒಂದು ವಿದ್ಯೆ ಎಂದು ನನಗೆ ಗೊತ್ತಾದದ್ದು ಡಲ್ಲಾಸ್ ಬಳಿಯ ಪ್ಲೇನೋದಲ್ಲಿ, ನಾವೆಲ್ಲ ಅಕ್ಕ ಎಂದೇ ಕರೆಯುವ ಒಬ್ಬರ ಮನೆಯ ಊಟದ ಮೇಜಿನ ಮುಂದೆ.

ಅಕ್ಕ ಧಾರವಾಡದವರು. ಮದುವೆಗೆ ಮುಂಚೆ ಅಲ್ಲಿಯೇ ಹೊಲಿಗೆ ಕಲಿತು, ಹನ್ನೊಂದು ವರ್ಷ ಹೆಂಗಸರ ಬಟ್ಟೆ ಹೊಲಿದು, ಮಗನ ಸಂಸಾರದ ಜತೆ ಟೆಕ್ಸಾಸಿಗೆ ಬಂದವರು. 2018ರಲ್ಲಿ ಡಲ್ಲಾಸಿನಲ್ಲಿ 'ಅಕ್ಕ' ಎಂಬ ಕನ್ನಡ ಕೂಟಗಳ ಒಕ್ಕೂಟದ ವಿಶ್ವ ಕನ್ನಡ ಸಮ್ಮೇಳನ ನಡೆದಾಗ ಮಕ್ಕಳ ಕುಣಿತಕ್ಕೆ ಕುಪ್ಪಸ ಬೇಕೆಂದು ಓಡಾಡುತ್ತಿದ್ದವರು ಕೊನೆಗೆ ಇವರ ಬಾಗಿಲಿಗೆ ಬಂದಿದ್ದರಂತೆ. ನಾನು ಚಿತ್ರ ಹಿಡಿದು ಐ-35 ಹೆದ್ದಾರಿಯಲ್ಲಿ ಮೂರೂವರೆ ಗಂಟೆ ಗಾಡಿ ಓಡಿಸಿಕೊಂಡು ಹೋದೆ. ಅವರು ಚಿತ್ರವನ್ನು ಮೇಜಿನ ಮೇಲಿಟ್ಟು, ಅಂಗೈಯಿಂದ ಸುಕ್ಕು ತೀಡಿ, ತುಂಬ ಹೊತ್ತು ನೋಡಿದರು.

"ಕೂಸು ಅಂಗಿ ನೋಡಿ ಬರದಿಲ್ಲ ತಂಗಿ," ಅಂದರು. "ಕಿಸೆ ನೋಡಿ ಬರದೈತಿ."

ಚಿತ್ರ ಓದುವುದು ಅವರಿಗೆ ಹೊಸದಲ್ಲ. ನಮ್ಮ ಊರುಗಳ ಲೇಡೀಸ್ ಟೈಲರ್ ಅಂಗಡಿಯಲ್ಲಿ ರಸೀದಿ ಪುಸ್ತಕ ಎಂಬುದೊಂದು ಇರುತ್ತದಲ್ಲ, ಅದನ್ನು ನಿಂತು ನೋಡಿದವರಿಗೆ ಗೊತ್ತು. ಪ್ರತಿ ಹಾಳೆಯಲ್ಲೂ ನಾಲ್ಕೇ ಗೆರೆಯಲ್ಲಿ ಒಂದು ರವಿಕೆ, ಕತ್ತು ಪಾಟ್ ನೆಕ್ಕೋ ಬೋಟ್ ನೆಕ್ಕೋ ಎಂಬುದಕ್ಕೆ ಒಂದು ಬಾಗು, ಬೆನ್ನಿಗೆ ದಾರ ಕಟ್ಟುವುದಾದರೆ ಎರಡು ಬಾಲ, ಸುತ್ತ ಅಂಕಿಗಳು. ಮೂಲೆಯಲ್ಲಿ ಗುಂಡುಪಿನ್ನಿನಿಂದ ಚುಚ್ಚಿದ ಬಟ್ಟೆಯ ಚೂರು. ಆ ಚಿತ್ರದಲ್ಲಿ ಬಟ್ಟೆ ಹೇಗೆ ಕಾಣಬೇಕು ಎಂಬುದು ಹೆಚ್ಚೇನೂ ಇರುವುದಿಲ್ಲ. ತೊಡುವವರು ಏನು ಬಯಸಿದರು ಎಂಬುದಷ್ಟೇ ಇರುತ್ತದೆ. ಉಳಿದದ್ದನ್ನು, ಅಂದರೆ ಹಿಂಭಾಗವನ್ನು, ಕಂಕುಳನ್ನು, ಮೈ ಬಗ್ಗಿದಾಗ ಬಟ್ಟೆ ಎಲ್ಲಿಗೆ ಹೋಗುತ್ತದೆ ಎಂಬುದನ್ನು, ಹೊಲಿಯುವವರು ಮನಸ್ಸಿನಲ್ಲೇ ತುಂಬಿಕೊಳ್ಳಬೇಕು. ಟೆಕ್ಸಾಸಿನ ನಮ್ಮ ಎಷ್ಟೋ ಮನೆಗಳಿಂದ ಇಂದಿಗೂ ಇಂಥ ಗೆರೆಚಿತ್ರಗಳು ರಾತ್ರಿ ವಾಟ್ಸಾಪಿನಲ್ಲಿ ಹೊರಟು ಹುಬ್ಬಳ್ಳಿ, ಮೈಸೂರು, ಬೆಂಗಳೂರಿನ ಟೈಲರ್‌ಗಳ ಫೋನು ಸೇರುತ್ತವೆ.

"ಬರೇ ಚಿತ್ರ ತಂದೀಯಲ್ಲ, ಅಳತಿ ಅರಿವಿ ಎಲ್ಲೈತಿ?" ಎಂದು ಅಕ್ಕ ಕೇಳಿದರು.

ಅದನ್ನೂ ಒಯ್ದಿದ್ದೆ. ಅಮ್ಮ ಬಚ್ಚಲ ಬಾಗಿಲ ಹಿಂದಿನ ಮೊಳೆಯಲ್ಲಿ ಒಂದು ಹಳೆಯ ನೈಟಿ ಮರೆತು ಹೋಗಿದ್ದರು. ಅಕ್ಕ ಅದಕ್ಕೆ ಟೇಪು ಹಿಡಿಯಲಿಲ್ಲ. ಮೊದಲು ಒಳಹೊರಗು ಮಾಡಿ, ಕಿಟಕಿಯ ಬೆಳಕಿಗೆ ಹಿಡಿದರು. ನಾನು ಆರು ತಿಂಗಳು ದಿನವೂ ಕಂಡ ಬಟ್ಟೆಯಲ್ಲಿ ಅವರು ಐದು ನಿಮಿಷದಲ್ಲಿ ಓದಿದ್ದನ್ನು ಇಲ್ಲಿ ಬರೆಯಬೇಕು.

ಜೇಬಿನ ಮೇಲ್ತುದಿಯ ಹೊರಮೂಲೆ ಹರಿದು, ಅಮ್ಮನೇ ಕೈಹೊಲಿಗೆ ಹಾಕಿದ್ದರು. ಅಡುಗೆಮನೆಯ ಬೀರುವಿನ ಹಿಡಿಕೆಗೆ ಸಿಕ್ಕಿಕೊಂಡು ಹರಿಯುವ ಜಾಗ ಅದು. ಎಡ ಹೆಗಲ ಬಣ್ಣ ಬಲಕ್ಕಿಂತ ಮಾಸಿತ್ತು. ಮಗು ನಿದ್ದೆಯಲ್ಲಿ ತಲೆ ಇಟ್ಟು ಒರಗುವ ಹೆಗಲು. ಹೊಟ್ಟೆಯ ಮೇಲೆ ಒಂದು ಅಡ್ಡ ಗೀರು, ಸಿಂಕಿನ ಅಂಚು ತಾಗಿ ತಾಗಿ ನೂಲು ತೆಳ್ಳಗಾದದ್ದು. ಆಮೇಲೆ ಅವರು ಕೆಳ ಅಂಚಿಗೆ ಬಂದರು. ಮುಂದಿನ ಮಡಿಕೆ ಸವೆದು ನಾರುನಾರಾಗಿತ್ತು. ಹಿಂದಿನ ಮಡಿಕೆ ಹೊಸತರ ಹಾಗೇ ಇತ್ತು.

"ನಿಮ್ಮವ್ವನ ಬೆನ್ನು ಬಾಗೈತಿ," ಅಂದರು.

ಬೆನ್ನು ಬಾಗಿದಾಗ ಹಿಂಭಾಗದ ಬಟ್ಟೆ ಹೆಚ್ಚು ದೂರ ಕ್ರಮಿಸಬೇಕಾಗುತ್ತದೆ, ಹಾಗಾಗಿ ಹಿಂದಿನ ಅಂಚು ಮೇಲೇಳುತ್ತದೆ. ಮುಂದೆ ಅಷ್ಟೇ ಉದ್ದ ಜೋತು ಬಿದ್ದು ನೆಲ ಸವರುತ್ತದೆ, ಮೆಟ್ಟಿಲು ಹತ್ತುವಾಗ ಕಾಲಿಗೆ ಸಿಗುತ್ತದೆ. ಅಮ್ಮ ಮಹಡಿ ಮೆಟ್ಟಿಲ ಮೇಲೆ ಎಡಗೈಯಲ್ಲಿ ನೈಟಿಯ ಮುಂಭಾಗ ಎತ್ತಿಕೊಂಡೇ ಹತ್ತುತ್ತಿದ್ದರು. ಅದು ಅವರ ಅಭ್ಯಾಸ ಅಂದುಕೊಂಡಿದ್ದೆ. ಅವರ ಬೆನ್ನನ್ನು ನಾನು ನೋಡಿರಲಿಲ್ಲ.

ಅಕ್ಕ ಇದಕ್ಕೆ ಹೇಳಿದ ಪರಿಹಾರ ಸರಳ. ಬರೀ ಮುಂದಿನ ಅಂಚು ಕತ್ತರಿಸಿದರೆ ಸಾಲದು. ಬೆನ್ನಿನ ಯೋಕಿಗೆ, ಅಂದರೆ ನೆರಿಗೆಯ ಮೇಲಿನ ಹೆಗಲ ತುಂಡಿಗೆ, ಒಂದು ಇಂಚು ಉದ್ದ ಕೂಡಿಸಬೇಕು, ಮುಂದಿನ ಯೋಕು ಹಾಗೇ ಇರಬೇಕು. ಆಗ ಹಿಂದಿನ ಬಟ್ಟೆಗೆ ಬೆನ್ನಿನ ಬಾಗನ್ನು ಸುತ್ತಿಕೊಳ್ಳಲು ಬೇಕಾದಷ್ಟು ಸಿಗುತ್ತದೆ, ಕೆಳಗೆ ಅಂಚು ತಾನಾಗಿ ಸಮಕ್ಕೆ ಬರುತ್ತದೆ. ಮಗುವಿನ ಚಿತ್ರಕ್ಕೆ ಹಿಂಭಾಗವೇ ಇರಲಿಲ್ಲ. ಆ ಕಾಣದ ಕಡೆಗೇ ಈ ಒಂದು ಇಂಚು ಹೋಯಿತು.

ಮನೆಗೆಲಸದ ಉಡುಪನ್ನು ಹೀಗೆ ಕೆಲಸದ ಕಡೆಯಿಂದ ಯೋಚಿಸಿ ಕಟ್ಟಿದವರು ಬೇರೆ ಕಡೆಯೂ ಇದ್ದಾರೆ. 1942ರಲ್ಲಿ, ಯುದ್ಧದ ಕಾಲದಲ್ಲಿ, ಮನೆಯ ಆಳುಕಾಳು ಕಾರ್ಖಾನೆಗಳಿಗೆ ಹೋಗಿಬಿಟ್ಟಾಗ ಕ್ಲೇರ್ ಮೆಕಾರ್ಡೆಲ್ ಎಂಬ ಅಮೆರಿಕದ ವಿನ್ಯಾಸಗಾರ್ತಿ 'ಪಾಪೋವರ್' ಎಂಬ ಉಡುಪು ಮಾಡಿದರು. ಮೈಗೆ ಸುತ್ತಿ ಕಟ್ಟಿಕೊಳ್ಳುವ ಸಡಿಲ ಅಂಗಿ, ಒಂದು ದೊಡ್ಡ ಜೇಬು, ಬಿಸಿ ಪಾತ್ರೆ ಹಿಡಿಯಲು ಸೊಂಟಕ್ಕೆ ಪಟ್ಟಿಯಿಂದ ತೂಗುಬಿಟ್ಟ ಒಂದು ಕೈಗವಸು. ಬೆಲೆ 6 ಡಾಲರ್ 95 ಸೆಂಟ್. ಅದು ಬಿಸಿಬಿಸಿ ಖರ್ಚಾಯಿತು. 1948ರಲ್ಲಿ ಡಲ್ಲಾಸಿನ ನೀಮನ್ ಮಾರ್ಕಸ್ ಮಳಿಗೆ ತನ್ನ ಫ್ಯಾಷನ್ ಪ್ರಶಸ್ತಿಯನ್ನು ಮೆಕಾರ್ಡೆಲ್ ಅವರಿಗೆ ಕೊಟ್ಟಿತು. ಪಾಪೋವರಿನ ಚಿತ್ರವನ್ನು ಫೋನಿನಲ್ಲಿ ಅಕ್ಕನಿಗೆ ತೋರಿಸಿದೆ. ಅವರು ಮೊದಲು ನೋಡಿದ್ದು ಜೇಬು ಹೆಗಲಿಂದ ಎಷ್ಟು ಕೆಳಗಿದೆ ಎಂಬುದನ್ನು. "ಅಡಗಿ ಮಾಡಿದಾಕಿ ಮಾಡಿದ್ದು ಇದು," ಅಂದರು.

ಬಟ್ಟೆ ಹುಡುಕುವುದು ನನ್ನ ಪಾಲಿಗೆ ಬಂತು. ಹತ್ತಿಯೇ ಆಗಬೇಕು ಎಂಬುದು ಅಕ್ಕನ ಷರತ್ತು, ಅದಕ್ಕೆ ಕಾರಣ ಇಲ್ಲಿನ ಬೇಸಿಗೆ. 2011ರ ಬೇಸಿಗೆಯಲ್ಲಿ ಡಲ್ಲಾಸಿನಲ್ಲಿ ಸತತ 40 ದಿನ ಉಷ್ಣತೆ ನೂರು ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತ್ತು, ಅಂದರೆ ನಮ್ಮ ಲೆಕ್ಕದಲ್ಲಿ 38 ಡಿಗ್ರಿ. ಅಮೆರಿಕದಲ್ಲಿ ಅತಿ ಹೆಚ್ಚು ಹತ್ತಿ ಬೆಳೆಯುವ ರಾಜ್ಯ ಟೆಕ್ಸಾಸ್. ಲಬ್ಬಕ್ ಸುತ್ತಿನ ಬಯಲಲ್ಲಿ ಕಣ್ಣು ಹಾಯುವಷ್ಟೂ ಹತ್ತಿಹೊಲ. ಆದರೂ ನೈಟಿಗೆ ಒಪ್ಪುವ ತೆಳು, ಮೃದು, ಹೂವಿನ ಹತ್ತಿ ಬಟ್ಟೆಯನ್ನು ಗಜದ ಲೆಕ್ಕದಲ್ಲಿ ಕೊಳ್ಳುವುದು ಸುಲಭವಲ್ಲ; ದೇಶದ ತುಂಬ ಇದ್ದ ಜೋಆನ್ ಬಟ್ಟೆ ಮಳಿಗೆಗಳೂ 2025ರಲ್ಲಿ ಬಾಗಿಲು ಮುಚ್ಚಿದವು. ನನಗೆ ಸಿಕ್ಕಿದ್ದು ಹ್ಯೂಸ್ಟನ್ನಿನ ಹಿಲ್‌ಕ್ರಾಫ್ಟ್ ಬೀದಿಯಲ್ಲಿ. 2010ರಲ್ಲಿ ಮಹಾತ್ಮ ಗಾಂಧಿ ಡಿಸ್ಟ್ರಿಕ್ಟ್ ಎಂದು ಹೆಸರಿಟ್ಟ ಆ ಕಡೆ ಸೀರೆ ಅಂಗಡಿ, ಬಂಗಾರದಂಗಡಿ, ಮಿಠಾಯಿ ಅಂಗಡಿ ಒತ್ತೊತ್ತಾಗಿವೆ. ಒಂದು ಅಂಗಡಿಯ ಹಿಂದಿನ ಕಪಾಟಿನಲ್ಲಿ ನೇರಳೆ ಹೂವಿನ ಬಟ್ಟೆ ಇತ್ತು. ಎಸಳು ಐದಲ್ಲ ಆರು, ಮಗಳು ಆಮೇಲೆ ಎಣಿಸಿ ಕ್ಷಮಿಸಿದಳು. ಅಕ್ಕ ಫೋನಿನಲ್ಲಿ ಹೇಳಿದ ಹಾಗೆ ಅಂಚಿನ ಒಂದು ನೂಲು ಎಳೆದು, ಹೊರಗೆ ಬಂದು ಬೆಂಕಿಕಡ್ಡಿ ಹಚ್ಚಿದೆ. ಕಾಗದ ಸುಟ್ಟ ವಾಸನೆ ಬಂದು ಬೂದಿಯಾದರೆ ಹತ್ತಿ. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್. ಬೂದಿಯಾಯಿತು. 44 ಇಂಚು ಪನ್ನದ ಬಟ್ಟೆ ಮೂರೂವರೆ ಗಜ ಕೊಂಡೆ.

ಬಟ್ಟೆಯನ್ನು ಕಂಡ ಕೂಡಲೇ ಅಕ್ಕ ಬಕೆಟ್ಟಿಗೆ ಹಾಕಿದರು. "ಮೊದಲ ನೀರಾಗ ಇರಲಿ. ಅರಿವಿ ತನ್ನ ಸಿಟ್ಟು ತೀರಿಸ್ಕೊಳ್ಳಲಿ." ಮಗ್ಗದ ಮೇಲೆ ಹಾಸಿನ ನೂಲು ಬಿಗಿಯಾಗಿ ಎಳೆದುಕೊಂಡೇ ಇರುತ್ತದೆ, ನೀರು ಬಿದ್ದಾಗ ಆ ಬಿಗಿತ ಸಡಿಲಿ ಬಟ್ಟೆ ತನ್ನ ನಿಜವಾದ ಉದ್ದಕ್ಕೆ ಕುಗ್ಗುತ್ತದೆ. ಹೊಲಿದ ಮೇಲೆ ಕುಗ್ಗಿದರೆ ಹೊಲಿಗೆಯ ಸಾಲೆಲ್ಲ ಸುಕ್ಕು. ರಾತ್ರಿ ನೆನೆದು, ನೆರಳಲ್ಲಿ ಒಣಗಿ, ಇಸ್ತ್ರಿಯಾಗಿ ಬಂದ ಬಟ್ಟೆ ನಾಲ್ಕು ಇಂಚು ಕಡಿಮೆಯಾಗಿತ್ತು.

ಮರುದಿನ ಕತ್ತರಿಸುವ ಕೆಲಸ. ನಾನು ನೋಡಿದ್ದರಲ್ಲಿ ಇದೇ ಅತಿ ಸುಂದರವಾದದ್ದು, ಹಾಗಾಗಿ ನಿಧಾನವಾಗಿ ಹೇಳುತ್ತೇನೆ.

122 ಇಂಚು ಉದ್ದ, 44 ಇಂಚು ಅಗಲದ ಬಟ್ಟೆ. ನೈಟಿಯ ಉದ್ದ 54 ಇಂಚು. ಮೇಲಿನ ಯೋಕು ಮುಂದೆ 10 ಇಂಚು ಬಿಟ್ಟರೆ ಕೆಳಗಿನ ಘೇರಿಗೆ 44, ಅಂಚು ಮಡಚಲು ಎರಡು, ಜೋಡಿಸಲು ಅರ್ಧ. ಹೀಗೆ ಮುಂದಕ್ಕೊಂದು ಹಿಂದಕ್ಕೊಂದು, ಬಟ್ಟೆಯ ಇಡೀ ಪನ್ನಕ್ಕೆ ಎರಡು ತುಂಡು. ಪನ್ನವನ್ನು ಅವರು ಯಾಕೆ ಕತ್ತರಿಸಲಿಲ್ಲ ಎಂದರೆ, ಮಗ್ಗದಲ್ಲೇ ನೇಯ್ದ ಅಂಚು ಎಳೆ ಬಿಡುವುದಿಲ್ಲ. ಆ ಅಂಚುಗಳೇ ನೈಟಿಯ ಪಕ್ಕದ ಹೊಲಿಗೆಗೆ ಬಂದು ಕೂತರೆ ಓವರ್‌ಲಾಕ್ ಬೇಡ, ಎಷ್ಟು ವರ್ಷ ಒಗೆದರೂ ಪಕ್ಕ ಬಿಚ್ಚದು. ಉಳಿದ 29 ಇಂಚಿನಲ್ಲಿ ಎರಡು ಯೋಕು ಒಂದರ ಕೆಳಗೊಂದು. ಅವುಗಳ ಪಕ್ಕ ಉಳಿದ 19 ಇಂಚಿನ ಪಟ್ಟಿಯಲ್ಲಿ ಎರಡು ತೋಳು. ಸೀಮೆಸುಣ್ಣದ ಗೆರೆಗಳು ಒಂದರ ಬೆನ್ನಿಗೊಂದು ಒತ್ತಿ ಮಲಗಿದವು. ಕೆಳಗೆ ನಾಲ್ಕೈದು ಇಂಚಿನ ಒಂದು ಪಟ್ಟಿ ಮಾತ್ರ ಉಳಿಯಿತು, ಅದರಲ್ಲಿ ಕತ್ತಿನ ಕ್ರಾಸ್ ಪೀಸು ಹೊರಡುತ್ತಿತ್ತು.

ಯೋಕಿನ ಗೆರೆಗಳನ್ನು ಅವರು ಅಚ್ಚಿಲ್ಲದೆ, ಕಾಗದವಿಲ್ಲದೆ, ನೇರ ಬಟ್ಟೆಯ ಮೇಲೇ ಬರೆದರು. ಎದೆಯ ಸುತ್ತಳತೆ 40, ಅದಕ್ಕೆ ಎಂಟು ಇಂಚು ಸಡಿಲ, ನಾಲ್ಕರಲ್ಲಿ ಭಾಗಿಸಿದರೆ 12. ಹೆಗಲು ಅರ್ಧಕ್ಕೆ ಏಳು, ಕತ್ತಿನ ಕಡೆಯಿಂದ ತೋಳಿನ ಕಡೆಗೆ ಮುಕ್ಕಾಲು ಇಂಚು ಇಳಿಜಾರು. ಮಗುವಿನ ಚಿತ್ರದಲ್ಲಿ ಕತ್ತಿಗೆ ಒಂದೇ ಅರ್ಧಚಂದ್ರ ಇತ್ತು, ಅಕ್ಕ ಎರಡು ಬರೆದರು: ಮುಂದೆ ಐದೂವರೆ ಇಂಚು ಆಳ, ಹಿಂದೆ ಎರಡೇ. ಕತ್ತು ಮುಂದಕ್ಕೆ ವಾಲಿ ನಿಂತಿರುತ್ತದೆ, ಹಿಂದೆ ಆಳ ಕೊಟ್ಟರೆ ನೈಟಿ ಹೆಗಲಿಂದ ಜಾರುತ್ತದೆ. ಕಂಕುಳ ಬಾಗೂ ಹಾಗೆಯೇ, ಮುಂದಿನದು ಹಿಂದಿನದಕ್ಕಿಂತ ಅರ್ಧ ಇಂಚು ಒಳಗೆ. ಕೈಗಳು ಕೆಲಸ ಮಾಡುವುದು ಮುಂದೆ: ಚಪಾತಿ ಲಟ್ಟಿಸುವುದು, ಪಾತ್ರೆ ತಿಕ್ಕುವುದು, ಮಗುವನ್ನು ಎತ್ತುವುದು. ಮುಂದೆ ಬಟ್ಟೆ ಹೆಚ್ಚಿದ್ದರೆ ಮುದುರಿ ಕಂಕುಳಿಗೆ ಚುಚ್ಚುತ್ತದೆ, ಹಿಂದೆ ಕಡಿಮೆಯಿದ್ದರೆ ಕೈ ಚಾಚಿದಾಗ ಬೆನ್ನು ಹಿಡಿಯುತ್ತದೆ. ಚಿತ್ರದಲ್ಲಿ ತೋಳು ರೆಕ್ಕೆಯ ಹಾಗೆ ಅಡ್ಡ ಚಾಚಿದ್ದವು. ಬಟ್ಟೆಯಲ್ಲಿ ತೋಳು ಎಂದರೆ ಒಂದು ಗುಡ್ಡದ ಆಕಾರ, ಅದನ್ನು ಕಂಕುಳ ಹೊಂಡಕ್ಕೆ ಕೂರಿಸಿದಾಗಲೇ ಅದು ಕೆಳಗೆ ಇಳಿಯಲು ಕಲಿಯುತ್ತದೆ.

"ಕತ್ತರಿ ಹಾಕಿದ ಮ್ಯಾಲೆ ಮಾತಿಲ್ಲ," ಎಂದು ಅಕ್ಕ ಇನ್ನೊಮ್ಮೆ ಎಲ್ಲ ಗೆರೆ ಅಳೆದರು. ಆಮೇಲೆ ಕತ್ತರಿ ಒಂದೇ ಉಸಿರಿನಲ್ಲಿ ಹೋಯಿತು. ಅದರ ಕೆಳಗಿನ ಅಲಗು ಮೇಜನ್ನು ಬಿಟ್ಟು ಮೇಲೇಳಲೇ ಇಲ್ಲ.

ಆಗ ನೆನಪಾದದ್ದು ಆಸ್ಟಿನ್ನಿನ ಹ್ಯಾರಿ ರ್‍ಯಾನ್ಸಮ್ ಸೆಂಟರ್. ಟೆಕ್ಸಾಸ್ ವಿಶ್ವವಿದ್ಯಾಲಯದ ಆ ಸಂಗ್ರಹಾಲಯದಲ್ಲಿ 'ಗಾನ್ ವಿತ್ ದ ವಿಂಡ್' ಸಿನೆಮಾದ ಉಡುಪುಗಳಿವೆ. 2014ರ ಪ್ರದರ್ಶನದಲ್ಲಿ ಅವನ್ನು ಹೊರಗಿಟ್ಟಿದ್ದರು. ಕಿಟಕಿಯ ಪರದೆ ಹರಿದು ಹೊಲಿಸಿಕೊಳ್ಳುವಳಲ್ಲ ಕಥಾನಾಯಕಿ, ಆ ಹಸಿರು ಮಖಮಲ್ಲಿನ ಉಡುಪು. ವಿನ್ಯಾಸ ವಾಲ್ಟರ್ ಪ್ಲಂಕೆಟ್ ಅವರದು. ಜನ ಅದರ ಮುಂದೆ ಸುಮ್ಮನೆ ನಿಂತಿದ್ದರು. ನಾನೂ ನಿಂತಿದ್ದೆ. ಚಿತ್ರದಿಂದ ಉಡುಪಾಗುವ ದಾರಿ ಅಲ್ಲಿ ಗಾಜಿನೊಳಗೆ ದೂರದಲ್ಲಿತ್ತು. ಪ್ಲೇನೋದ ಮೇಜಿನ ಮೇಲೆ ಅದೇ ದಾರಿ ಕೈಗೆ ಸಿಗುವಷ್ಟು ಹತ್ತಿರವಿತ್ತು, ಇನ್ನೂ ಇಸ್ತ್ರಿಯ ಬಿಸಿ ಆರಿರಲಿಲ್ಲ.

ಹೊಲಿಗೆಯಲ್ಲಿ ನನ್ನ ಕಣ್ಣು ಹಿಡಿದದ್ದು ನೆರಿಗೆ. 42 ಇಂಚಿನ ಘೇರು 24 ಇಂಚಿನ ಯೋಕಿಗೆ ಕೂರಬೇಕು. ಮಿಷನ್ನಿನಲ್ಲಿ ಉದ್ದುದ್ದ ಟಾಕಿನ ಎರಡು ಸಾಲು ಹಾಕಿ, ಬಾಬಿನ್ನಿನ ದಾರ ಎರಡನ್ನೂ ಒಟ್ಟಿಗೆ ಮೆಲ್ಲಗೆ ಎಳೆಯುತ್ತ, ಬಟ್ಟೆಯನ್ನು ಬೆರಳಿನಿಂದ ಹಿಂದಕ್ಕೆ ತಳ್ಳುತ್ತ ಹೋದರು. ಒಂದೇ ಸಾಲಾದರೆ ನೆರಿಗೆ ಹೊರಳುತ್ತದೆ, ಎರಡಾದರೆ ಸೈನಿಕರ ಹಾಗೆ ನೆಟ್ಟಗೆ ನಿಲ್ಲುತ್ತದೆ. ಕಂಕುಳ ಕಡೆ ಎರಡೆರಡು ಇಂಚು ನೆರಿಗೆಯಿಲ್ಲದೆ ಚಪ್ಪಟೆ ಬಿಟ್ಟರು. ಅಲ್ಲಿ ದಪ್ಪವಾದರೆ ಕೈಗೆ ಉಜ್ಜುತ್ತದೆ. ಕತ್ತಿಗೆ ಓರೆಯಾಗಿ ಕತ್ತರಿಸಿದ ಆ ಕ್ರಾಸ್ ಪೀಸು: ಹಾಸು ಹೊಕ್ಕು ಎರಡಕ್ಕೂ ಮೂಲೆಯಾಗಿ ಕತ್ತರಿಸಿದ ಬಟ್ಟೆ ಮಾತ್ರ ಎಳೆದಂತೆ ಬರುತ್ತದೆ, ಬಾಗಿದ ಕಡೆ ಸುಕ್ಕಿಲ್ಲದೆ ಕೂರುತ್ತದೆ.

ಇಷ್ಟಾದ ಮೇಲೆ ಜೇಬು. ಬಟ್ಟೆಯೇ ಇರಲಿಲ್ಲ. ಮೂರೂವರೆ ಗಜ ಎಂಬ ರೂಢಿಯ ಲೆಕ್ಕದಲ್ಲಿ ನಾನು ಕೊಂಡಾಗ ಮಗಳ ಜೇಬಿನ ಅಳತೆ ಸೇರಿಸಿರಲಿಲ್ಲ. ಉಳಿದ ಪಟ್ಟಿಯಲ್ಲಿ ಅಂಗೈಯಗಲದ ಜೇಬು ಆಗುತ್ತಿತ್ತು. ಅಕ್ಕ ಚಿತ್ರವನ್ನು ಮತ್ತೆ ನೋಡಿದರು. "ಕಿಸೆ ದೊಡ್ಡದಿರಲಿ," ಎಂದು ಎದ್ದು ಹೋಗಿ ಟ್ರಂಕಿನಿಂದ ಒಂದು ಮಡಿಕೆ ತಂದರು. ತ್ರಿಕೋನವಾಗಿ ಮಡಚಿದ ಗುಳೇದಗುಡ್ಡದ ಖಣ, ಯಾರೋ ಉಡಿ ತುಂಬಿದಾಗ ಬಂದದ್ದು.

ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದ ಈ ಕುಪ್ಪಸದ ಬಟ್ಟೆಯನ್ನು ಕಿರಿದಾದ ಪನ್ನದಲ್ಲಿ ನೇಯುತ್ತಾರೆ. ವಿನ್ಯಾಸ ಹಾಸಿನಲ್ಲೇ ಬರುತ್ತದೆ, ಅದಕ್ಕೆಂದೇ ಹೆಚ್ಚುವರಿ ಹಾಸಿನ ನೂಲು ಹಾಕಿರುತ್ತಾರೆ. ಆನೆಹೆಜ್ಜೆ, ತೇರು, ಸಿದ್ಧೇಶ್ವರ ಮುಕುಟ, ಸೂರ್ಯನಾರಾಯಣ ಎಂದು ವಿನ್ಯಾಸಗಳಿಗೆ ಹೆಸರು. ಹೆಚ್ಚು ನೂಲು ತುಂಬಿದ ಬಟ್ಟೆಯಾದ್ದರಿಂದ ಒತ್ತಾಗಿ ಗಟ್ಟಿಯಾಗಿರುತ್ತದೆ. ಉಡಿ ತುಂಬಿದ ಖಣವನ್ನು ಅಡುಗೆಮನೆಯ ನೈಟಿಗೆ ಹಾಕುವುದೇ ಎಂದು ನಾನು ಹಿಂಜರಿದೆ. "ಟ್ರಂಕಿನಾಗ ಇಟ್ಟು ಏನ್ ಮಾಡ್ಲಿ? ನಿಮ್ಮವ್ವನ ಕೈ ದಿನಾ ಇದರಾಗ ಹೋಗಿಬರ್ತೈತಿ," ಅಂದರು. ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ, ಬಣ್ಣ ಬಿಡುವುದಿಲ್ಲ ಎಂದು ಖಾತ್ರಿ ಮಾಡಿಕೊಂಡು ಒಂಬತ್ತು ಇಂಚು ಅಗಲ, ಹತ್ತು ಇಂಚು ಆಳದ ತುಂಡು ಕತ್ತರಿಸಿದರು. ಖಣದ ಅಂಚನ್ನು ಜೇಬಿನ ಬಾಯಿಗೆ ತಂದರು. ಕುಪ್ಪಸದಲ್ಲಿ ಆ ಅಂಚು ತೋಳಿನ ತುದಿಗೆ ಬರುವ ಹಾಗೆ.

ಎಲ್ಲಿ ಹಚ್ಚುವುದು? ಚಿತ್ರದಲ್ಲಿ ಜೇಬು ಎದೆಯಿಂದ ಮೊಣಕಾಲವರೆಗೆ ಇತ್ತು. ಅಕ್ಕ ನನ್ನನ್ನು ನಿಲ್ಲಿಸಿ, ನೈಟಿ ತೊಡಿಸಿ, ಕೈ ಇಳಿಬಿಡಲು ಹೇಳಿ, ಮೊಣಕೈ ತುಸು ಮಡಚಿದಾಗ ಬೆರಳ ತುದಿ ತಲುಪುವಲ್ಲಿ ಗುಂಡುಪಿನ್ನು ಚುಚ್ಚಿದರು. "ನಿಮ್ಮವ್ವ ನಿನಗಿಂತ ಗಿಡ್ಡ" ಎಂದು ಒಂದೂವರೆ ಇಂಚು ಮೇಲೆ ಸರಿಸಿದರು. ಬಾಯಿಯನ್ನು ಅಡ್ಡಕ್ಕೆ ನೇರ ಇಡದೆ ಹೊರಗಡೆಗೆ ಸ್ವಲ್ಪ ಇಳಿಸಿದರು, ಮಣಿಕಟ್ಟು ತಿರುಗದೆ ಕೈ ಒಳಗೆ ಹೋಗಲಿ ಎಂದು. ಹಳೆಯ ನೈಟಿಯಲ್ಲಿ ಹರಿದಿದ್ದ ಹೊರಮೂಲೆಗೆ, ಹಿಂದಿನಿಂದ ಬಟ್ಟೆಯ ಚೂರೊಂದನ್ನು ಕೊಟ್ಟು, ಸಣ್ಣ ತ್ರಿಕೋನದ ಹೊಲಿಗೆಯನ್ನು ಮೂರು ಸಲ ಸುತ್ತಿ ಹಾಕಿದರು. ಆ ಮೂಲೆಯನ್ನು ನಾನು ಎಳೆದು ನೋಡಿದೆ. ಬೀರುವಿನ ಹಿಡಿಕೆಯೇ ಕಿತ್ತು ಬರಬೇಕು.

ಕೊನೆಗೆ ಕೆಳ ಅಂಚನ್ನು ಕೈಯಲ್ಲೇ ಹೆಮ್ಮಿಂಗ್ ಮಾಡುತ್ತ ಕೂತರು. ಸೂಜಿ ಒಂದೊಂದು ಸಲ ಒಂದೇ ಎಳೆ ಎತ್ತುತ್ತಿತ್ತು, ಹೊರಗಿನಿಂದ ಹೊಲಿಗೆ ಕಾಣುತ್ತಲೇ ಇರಲಿಲ್ಲ. ಮಗಳು ಪಕ್ಕದಲ್ಲಿ ಕೂತು ತನ್ನ ಆಟಿಕೆಯ ಕನ್ನಡಕ, ಗಾಡಿಯ ಬೀಗದ ಕೈ, ಒಂದು ಪಾರ್ಲೆ-ಜಿ ಮೂರನ್ನೂ ಜೇಬಿಗೆ ಹಾಕಿ, ತೆಗೆದು, ಮತ್ತೆ ಹಾಕಿ ನೋಡಿದಳು. ಜಾಗ ಇನ್ನೂ ಇತ್ತು.

ಅಕ್ಕ ದಾರ ಕಡಿದು, ನೈಟಿ ಮಡಚಿ ನನ್ನ ಕೈಗೆ ಕೊಟ್ಟರು. ಚಿತ್ರವನ್ನು ಕೊಡಲಿಲ್ಲ. ಅದರ ಮೂಲೆಗೆ ನೇರಳೆ ಬಟ್ಟೆಯ ಒಂದು ಚೂರು, ಖಣದ ಒಂದು ಚೂರು ಗುಂಡುಪಿನ್ನಿನಲ್ಲಿ ಚುಚ್ಚಿ, ಅರ್ಧಚಂದ್ರದ ಪಕ್ಕದಲ್ಲಿ ಪೆನ್ಸಿಲ್ಲಿನಿಂದ 54, 40, 10 ಎಂದು ಬರೆದರು. ಹಾಳೆ ತಿರುಗಿಸಿ, ಬರಿದಾಗಿದ್ದ ಬೆನ್ನ ಮೇಲೆ 11 ಎಂದು ಬರೆದು, ತಮ್ಮ ಪುಸ್ತಕದೊಳಗೆ ಇಟ್ಟುಕೊಂಡರು.